ಕರ್ಬಲ್ ಸ್ಪೇಸ್ ಪ್ರೋಗ್ರಾಮ್: ಕಡಿಮೆ ಇಂಧನದಲ್ಲಿ ಚಂದ್ರನ ಮೇಲೆ ಇಳಿಯಲು ಕಲಿಸಿದ ಆಟ

ಚಂದ್ರನ ನೆಲದಿಂದ ಇನ್ನೂರು ಮೀಟರ್ ಮೇಲೆ ನೌಕೆಯನ್ನು ಒಂದು ನಿಮಿಷ ಸುಮ್ನೆ ನಿಲ್ಲಿಸಿಕೊಂಡರೆ ಎಷ್ಟು ಇಂಧನ ಹೋಗುತ್ತದೆ ಗೊತ್ತಾ? ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಈ ಕಂಪ್ಯೂಟರ್ ಆಟದಲ್ಲಿ ಚಂದ್ರನ ಹೆಸರು ಮುನ್. ಅದರ ಗುರುತ್ವ ಪ್ರತಿ ಸೆಕೆಂಡಿಗೆ 1.63 ಮೀ/ಸೆ ವೇಗವನ್ನು ನಮ್ಮ ಮೇಲೆ ಹೇರುತ್ತಲೇ ಇರುತ್ತದೆ. ನಿಂತಲ್ಲೇ ನಿಲ್ಲಬೇಕೆಂದರೆ ಅಷ್ಟನ್ನೂ ಎಂಜಿನ್ ಉರಿಸಿ ಅಳಿಸಬೇಕು. ಅರವತ್ತು ಸೆಕೆಂಡಿಗೆ ಸುಮಾರು 98 ಮೀ/ಸೆ ಆಯಿತು. ಕೆಳಗಿನ ಕಕ್ಷೆಯಿಂದ ನೆಲಕ್ಕೆ ಇಳಿಯಲು ಒಟ್ಟು ಬೇಕಾಗುವುದೇ 580 ಮೀ/ಸೆ ಆಸುಪಾಸು. ಅಂದರೆ ಆರರಲ್ಲಿ ಒಂದು ಪಾಲು ಇಂಧನ ಖರ್ಚಾಯಿತು, ನಾವು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಈ ಲೆಕ್ಕ ತಲೆಗೆ ಹತ್ತಿದ ದಿನದಿಂದ ನನಗೆ ಇದು ಬೇರೆಯೇ ಆಟವಾಗಿ ಕಾಣತೊಡಗಿತು. ಹಾಗಾಗಿ ಇಲ್ಲಿ ಇಡೀ ಆಟದ ಬಗ್ಗೆ ಬರೆಯುವುದಿಲ್ಲ. ವಿಮಾನ ಕಟ್ಟುವುದು, ರೋವರ್ ಓಡಿಸುವುದು, ದೂರದ ಗ್ರಹಗಳಿಗೆ ಹೋಗುವುದು ಎಲ್ಲ ಇದೆ, ಎಲ್ಲವೂ ಚೆನ್ನಾಗಿದೆ. 2023ರಲ್ಲಿ ಬಂದ ಎರಡನೇ ಭಾಗವನ್ನೂ ನಾನು ಮುಟ್ಟುವುದಿಲ್ಲ. ನಾನು ಹೇಳುತ್ತಿರುವುದು 2011ರಲ್ಲಿ ಮೊದಲ ಸಲ ಜನರ ಕೈಗೆ ಬಂದು, 2015ರಲ್ಲಿ 1.0 ಆವೃತ್ತಿಯಾಗಿ, 2021ರ 1.12ರವರೆಗೆ ಬೆಳೆದ ಮೊದಲ ಆಟದ ಬಗ್ಗೆ. ಅದರಲ್ಲೂ ಒಂದೇ ಒಂದು ಕೆಲಸದ ಬಗ್ಗೆ. ಮುನ್ ಮೇಲೆ ಆದಷ್ಟು ಕಡಿಮೆ ಇಂಧನದಲ್ಲಿ ಇಳಿಯುವುದು. ಈ ಒಂದು ಕೆಲಸಕ್ಕಾಗಿಯೇ ಆಟವನ್ನು ಕೊಂಡರೂ ನಷ್ಟವಿಲ್ಲ ಎಂದು ನನಗೆ ಮನಸಾರೆ ಅನ್ನಿಸಿದೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಕರ್ಬಿನ್ ಎಂಬುದು ನಾವು ಹೊರಡುವ ಗ್ರಹ. ಅದರ ತ್ರಿಜ್ಯ ಬರೀ 600 ಕಿಲೋಮೀಟರ್, ಆದರೂ ನೆಲದ ಮೇಲಿನ ಗುರುತ್ವ ಭೂಮಿಯಷ್ಟೇ. ಮುನ್ ಅದರಿಂದ 12,000 ಕಿಲೋಮೀಟರ್ ದೂರದಲ್ಲಿ ಸುತ್ತುತ್ತದೆ, ಅದರ ತ್ರಿಜ್ಯ 200 ಕಿಲೋಮೀಟರ್, ವಾತಾವರಣ ಇಲ್ಲವೇ ಇಲ್ಲ. ಗಾಳಿ ಇಲ್ಲದ ಕಾರಣ ಪ್ಯಾರಾಚೂಟ್ ಕೆಲಸಕ್ಕೆ ಬರುವುದಿಲ್ಲ. ಕಕ್ಷೆಯಲ್ಲಿ ಇರುವ ವೇಗವನ್ನೆಲ್ಲ ಎಂಜಿನ್ನಿನಿಂದಲೇ ಕಳೆಯಬೇಕು. ನೌಕೆಯಲ್ಲಿರುವ ಇಂಧನದಿಂದ ಒಟ್ಟು ಎಷ್ಟು ವೇಗ ಬದಲಿಸಬಹುದು ಎಂಬ ಲೆಕ್ಕಕ್ಕೆ ಡೆಲ್ಟಾ-ವಿ ಎನ್ನುತ್ತಾರೆ. ಈ ಆಟ ಆಡುವವರ ಬಾಯಲ್ಲಿ ದಿನಾ ಓಡಾಡುವ ಪದ ಇದು. ಕರ್ಬಿನ್ ನೆಲದಿಂದ ಕಕ್ಷೆಗೆ ಸುಮಾರು 3,400, ಅಲ್ಲಿಂದ ಮುನ್ ಕಡೆಗೆ ಹಾರಲು ಸುಮಾರು 860, ಮುನ್ ಕಕ್ಷೆ ಹಿಡಿಯಲು 300ರ ಹತ್ತಿರ, ಇಳಿಯಲು 580. 2018ರ ಕೊನೆಯಲ್ಲಿ ಬಂದ 1.6ರಿಂದ ಆಟವೇ ಪ್ರತಿ ಹಂತದ ಡೆಲ್ಟಾ-ವಿಯನ್ನು ಪರದೆಯ ಪಕ್ಕದಲ್ಲಿ ತೋರಿಸುತ್ತದೆ. ಕೂತು ಅಭ್ಯಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಇಳಿಯುವ ಮುಂಚಿನ ಸಂಖ್ಯೆ ಬರೆದುಕೊಳ್ಳಿ, ಇಳಿದ ಮೇಲಿನ ಸಂಖ್ಯೆ ಬರೆದುಕೊಳ್ಳಿ, ಕಳೆಯಿರಿ. ಅದೇ ನಿಮ್ಮ ಅಂಕ.

ನನ್ನ ಮೊದಲ ಇಳಿಯುವಿಕೆಯ ಅಂಕ 1,000ಕ್ಕಿಂತ ಜಾಸ್ತಿ ಇತ್ತು. ಆಟದ ಗಗನಯಾತ್ರಿ ವ್ಯಾಲೆಂಟಿನಾ ನೆಲ ಮುಟ್ಟಿದಳು, ಧ್ವಜ ನೆಟ್ಟಳು, ಆದರೆ ಟ್ಯಾಂಕ್‌ನಲ್ಲಿ ವಾಪಸ್ ಬರುವಷ್ಟು ಉಳಿದಿರಲಿಲ್ಲ. ಅವಳನ್ನು ಕರೆತರಲು ಇನ್ನೊಂದು ನೌಕೆ ಕಟ್ಟಿ ಕಳಿಸಬೇಕಾಯಿತು. ಆ ನೌಕೆ ಎರಡು ಕಿಲೋಮೀಟರ್ ಆಚೆ ಇಳಿಯಿತು, ಅವಳು ಬೆನ್ನಿನ ಜೆಟ್‌ಪ್ಯಾಕ್ ಹಾಕಿಕೊಂಡು ಹಾರಿ ಬಂದಳು. ಅವಳು ಏಣಿ ಹಿಡಿದ ಕ್ಷಣ ನನ್ನ ಕೈ ನಡುಗುತ್ತಿತ್ತು. ಆಮೇಲೆ ಪುಸ್ತಕ ಪೆನ್ನು ಹಿಡಿದು ಕೂತೆ. ಎಲ್ಲಿ ಸೋರಿತು?

ಸೋರಿದ್ದು ಎರಡು ಕಡೆ. ಮೊದಲನೆಯದು ಬಹಳ ಜನ ಮಾಡುವ ತಪ್ಪು. ನಾನು 60 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿದ್ದೆ. ಅಲ್ಲಿ ವೇಗ ಸುಮಾರು 500 ಮೀ/ಸೆ. ಇಳಿಯಬೇಕಾದ ಜಾಗದ ನೇರ ಮೇಲೆ ಬಂದಾಗ ಅಡ್ಡ ವೇಗವನ್ನೆಲ್ಲ ಒಂದೇ ಸಲಕ್ಕೆ ಸೊನ್ನೆ ಮಾಡಿದೆ. ನೋಡಲು ಸುಲಭ, ಯಾಕೆಂದರೆ ಆಮೇಲೆ ನೆಟ್ಟಗೆ ಕೆಳಗೆ ಬೀಳುವುದಷ್ಟೇ. ಆದರೆ 60 ಕಿಲೋಮೀಟರ್ ಬಿದ್ದಾಗ ನೆಲದ ಹತ್ತಿರ ವೇಗ ಮತ್ತೆ 388 ಮೀ/ಸೆ ಆಗಿರುತ್ತದೆ. ಅದನ್ನೂ ಕಳೆಯಬೇಕು. ಒಟ್ಟು 888. ಅದೇ 60 ಕಿಲೋಮೀಟರಿನಿಂದ, ಮುನ್‌ನ ಆಚೆ ಬದಿಯಲ್ಲಿರುವಾಗ ಬರೀ 34 ಮೀ/ಸೆ ಬ್ರೇಕ್ ಹಾಕಿದರೆ ಕಕ್ಷೆಯ ಕೆಳತುದಿ ಈಚೆ ಬದಿಯ ನೆಲಕ್ಕೆ ತಾಗುತ್ತದೆ. ಅಲ್ಲಿಗೆ ಬರುವಾಗ ವೇಗ 607. ಒಟ್ಟು 641. ಸುಮಾರು 250 ಮೀ/ಸೆ ಉಳಿಯಿತು, ನೌಕೆಯಲ್ಲಿ ಒಂದು ಸ್ಕ್ರೂ ಕೂಡ ಬದಲಿಸದೆ! ಇನ್ನೂ ಕೆಳಗಿನ ಕಕ್ಷೆಯಿಂದ, ಅಂದರೆ 10 ಕಿಲೋಮೀಟರಿನಿಂದ ಶುರು ಮಾಡಿದರೆ 7 ಮತ್ತು 578, ಒಟ್ಟು 585. ಮುನ್‌ನ ಬೆಟ್ಟಗಳು 7 ಕಿಲೋಮೀಟರಿನವರೆಗೂ ಇವೆ, ಹಾಗಾಗಿ 10ಕ್ಕಿಂತ ಕೆಳಗೆ ಸುತ್ತುವ ಧೈರ್ಯ ಬೇಡ.

ಎರಡನೇ ಸೋರಿಕೆ ನಾನು ಶುರುವಿನಲ್ಲಿ ಹೇಳಿದ್ದು, ತೂಗಾಡುವುದು. ಭಯದಿಂದ ಮೇಲೆಯೇ ವೇಗ ಪೂರ್ತಿ ಇಳಿಸಿ, ಐದು ಕಿಲೋಮೀಟರಿನಿಂದ ಮೆಲ್ಲಗೆ, ಎಂಜಿನ್ ಅರ್ಧ ಉರಿಸುತ್ತಾ ಬಂದಿದ್ದೆ. ಸೆಕೆಂಡಿಗೆ 20 ಮೀಟರಿನಂತೆ ಐದು ಕಿಲೋಮೀಟರ್ ಇಳಿಯಲು 250 ಸೆಕೆಂಡ್ ಬೇಕು. 1.63ರಿಂದ ಗುಣಿಸಿ ನೋಡಿ. 400ಕ್ಕೂ ಮೇಲೆ. ನಾನು ಹಾಗೆ ಬಂದಿದ್ದು ದಾರಿಯ ಒಂದು ಭಾಗ ಮಾತ್ರ, ಇಲ್ಲದಿದ್ದರೆ ನೆಲವನ್ನೇ ಮುಟ್ಟುತ್ತಿರಲಿಲ್ಲ.

ಇಲ್ಲಿ ಆಟದ ದೊಡ್ಡ ಗುಣ ಕಾಣುತ್ತದೆ. ಓದಿದರೆ ಇದು ನೆನಪಿನಲ್ಲಿ ಉಳಿಯುವ ವಿಷಯವಲ್ಲ. ಕಕ್ಷೆಯ ವೇಗದಲ್ಲಿ ಅಡ್ಡ ಹೋಗುತ್ತಿರುವಾಗ ಗುರುತ್ವ ನಮ್ಮಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ, ಯಾಕೆಂದರೆ ನಾವು ಬೀಳುವಷ್ಟೇ ನೆಲವೂ ಬಾಗಿ ಕೆಳಗೆ ಸರಿಯುತ್ತಿರುತ್ತದೆ. ನಾವು ನಿಧಾನವಾದಂತೆ ಗುರುತ್ವದ ಬಾಡಿಗೆ ಶುರುವಾಗುತ್ತದೆ. ನಿಧಾನವಾಗಿ ಕಳೆದ ಪ್ರತಿ ಸೆಕೆಂಡಿಗೂ ಬಾಡಿಗೆ. ಹಾಗಾದರೆ ನಿಧಾನವಾಗುವ ಕೆಲಸವನ್ನು ಆದಷ್ಟು ಕೆಳಗೆ, ಆದಷ್ಟು ತಡವಾಗಿ, ಪೂರ್ತಿ ಎಂಜಿನ್ನಿನಲ್ಲಿ, ಆದಷ್ಟು ಬೇಗ ಮುಗಿಸಬೇಕು. ಎಂಜಿನ್ ಆಫ್ ಇರಬೇಕು, ಇಲ್ಲವೇ ಪೂರ್ತಿ ಇರಬೇಕು. ನಡುವೆ ಇದ್ದರೆ ಬಾಡಿಗೆ ಕಟ್ಟುತ್ತಿದ್ದೀರಿ ಎಂದೇ ಅರ್ಥ. ಇದನ್ನು ಇಪ್ಪತ್ತು ಸಲ ಇಳಿದು, ಐದಾರು ಸಲ ಅಪ್ಪಳಿಸಿ ಕಲಿತರೆ ಬೆರಳುಗಳೇ ನೆನಪಿಟ್ಟುಕೊಳ್ಳುತ್ತವೆ.

ಕೊನೆಯ ಕ್ಷಣದವರೆಗೆ ಕಾದು ಪೂರ್ತಿ ಬ್ರೇಕ್ ಹಾಕುವುದಕ್ಕೆ ಆಟಗಾರರು ಸೂಸೈಡ್ ಬರ್ನ್ ಎನ್ನುತ್ತಾರೆ. ಹೆಸರು ಹೆದರಿಸುತ್ತದೆ, ಆದರೆ ಆಟದಲ್ಲಿರುವ ಮನೂವರ್ ನೋಡ್, ಅಂದರೆ ವೇಗ ಬದಲಾವಣೆಯನ್ನು ಮೊದಲೇ ಯೋಜಿಸುವ ಗುರುತು, ಬಳಸಿದರೆ ಲೆಕ್ಕ ತುಂಬಾ ಸರಳ. ನಕ್ಷೆ ತೆರೆಯಿರಿ. ನಿಮ್ಮ ಹಾದಿಯ ಗೆರೆ ಮುನ್ ಒಳಗೆ ಮರೆಯಾಗುವ ಬಿಂದುವಿನಲ್ಲಿ ಒಂದು ನೋಡ್ ಇಡಿ. ರೆಟ್ರೋಗ್ರೇಡ್ (ಹೋಗುತ್ತಿರುವ ದಿಕ್ಕಿಗೆ ವಿರುದ್ಧ) ಗುರುತನ್ನು ಹಾದಿ ನೆಟ್ಟಗೆ ಕೆಳಗೆ ಕುಸಿಯುವವರೆಗೆ ಎಳೆಯಿರಿ. ಈಗ ಆಟವೇ ಬರ್ನ್ ಸಮಯ, ಅಂದರೆ ಎಂಜಿನ್ ಎಷ್ಟು ಹೊತ್ತು ಉರಿಯಬೇಕು ಎಂದು, ಹೇಳುತ್ತದೆ. 40 ಸೆಕೆಂಡ್ ಎಂದು ಬಂತು ಅಂದುಕೊಳ್ಳಿ. ಒಂದೇ ಸಮ ಬ್ರೇಕ್ ಹಾಕಿದರೆ ಸರಾಸರಿ ವೇಗ ಅರ್ಧ, ಹಾಗಾಗಿ ನೋಡ್ ಇನ್ನೂ 20 ಸೆಕೆಂಡ್ ದೂರ ಇರುವಾಗ ಎಂಜಿನ್ ಹಚ್ಚಬೇಕು. ಗುರುತ್ವಕ್ಕೆಂದು ಇನ್ನು ಮೂರ್ನಾಲ್ಕು ಸೆಕೆಂಡ್ ಮುಂಚೆ ಹಚ್ಚಿ. ನಾಲ್ಕು ಟನ್ ನೌಕೆಗೆ ಒಂದು ಟೆರಿಯರ್ ಎಂಜಿನ್ ಇದ್ದರೆ ನೂಕುವ ಬಲ 60 ಕಿಲೋನ್ಯೂಟನ್, ಅಂದರೆ ಸೆಕೆಂಡಿಗೆ 15 ಮೀ/ಸೆ ವೇಗ ಕಳೆಯುತ್ತದೆ. 570 ಮೀ/ಸೆ ಕಳೆಯಲು 40 ಸೆಕೆಂಡಿಗೂ ಕಡಿಮೆ, ಅಷ್ಟರಲ್ಲಿ ಹೋಗುವ ದೂರ ಸುಮಾರು 11 ಕಿಲೋಮೀಟರ್. ಹಾಗಾಗಿ ಇಳಿಯಬೇಕಾದ ಜಾಗಕ್ಕೆ 11 ಕಿಲೋಮೀಟರ್ ಮುಂಚೆಯೇ ಬ್ರೇಕ್ ಶುರು. ಮೊದಲ ಸಲ ಇದನ್ನು ಮಾಡುವಾಗ ಬೆಟ್ಟಗಳು ಕಿಟಕಿಯ ಪಕ್ಕದಲ್ಲಿ ಅಡ್ಡ ಓಡುತ್ತವೆ, ಎದೆ ಬಾಯಿಗೆ ಬರುತ್ತದೆ, ಆಮೇಲೆ ಒಮ್ಮೆಲೇ ಎಲ್ಲ ನಿಧಾನವಾಗಿ ನೆಲ ಪಕ್ಕದಲ್ಲೇ ಇರುತ್ತದೆ. ಆ ಅನುಭವ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಇದಕ್ಕಿಂತ ಸ್ವಲ್ಪ ಸುರಕ್ಷಿತ ದಾರಿಯೂ ಇದೆ. ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ಬಂದಾಗ ಅಡ್ಡಕ್ಕೆ ಬ್ರೇಕ್ ಹಾಕುತ್ತಾ, ಮೂಗನ್ನು ಬೇಕಾದಷ್ಟೇ ಮೇಲೆತ್ತಿ, ಕೆಳಗಿಳಿಯುವ ವೇಗವನ್ನು ಸೊನ್ನೆಯಲ್ಲೇ ಹಿಡಿದಿಡುವುದು. ಮೊದಮೊದಲು ಮೂಗು ಎತ್ತುವುದೇ ಬೇಡ, ವೇಗ ಇಳಿದಂತೆ ಸ್ವಲ್ಪ ಸ್ವಲ್ಪ ಎತ್ತಬೇಕು. ಎಂಜಿನ್ ಬಲ ಕಡಿಮೆ ಇರುವ ನೌಕೆಗೆ ಇದೇ ಒಳ್ಳೆಯದು. ಖರ್ಚು ಒಂದಿಷ್ಟು ಹೆಚ್ಚು, ನೆಮ್ಮದಿ ಬಹಳ ಹೆಚ್ಚು.

ಮುನ್‌ಗೆ ಬಂದ ವೇಗದಲ್ಲೇ, ಕಕ್ಷೆ ಹಿಡಿಯದೆ ನೇರವಾಗಿ ಇಳಿದರೆ ಉಳಿತಾಯ ಆಗುವುದಿಲ್ಲವೇ ಎಂದು ನಾನೂ ಬಹಳ ದಿನ ಯೋಚಿಸಿದ್ದೆ. ಲೆಕ್ಕ ಹಾಕಿದೆ. ನೇರ ಬಂದರೆ ನೆಲದ ಹತ್ತಿರ ವೇಗ ಸುಮಾರು 855. ಕಕ್ಷೆ ಹಿಡಿದು ಇಳಿದರೆ 280 ಮತ್ತು 585, ಸುಮಾರು 865. ವ್ಯತ್ಯಾಸ ಹತ್ತು! ಅಷ್ಟಕ್ಕಾಗಿ ಜಾಗ ನೋಡಿಕೊಳ್ಳುವ ಅವಕಾಶ ಬಿಟ್ಟುಕೊಡುವುದು ಬೇಡ. ಅದರ ಬದಲು ಮುನ್ ತಿರುಗುವ ದಿಕ್ಕಿನಲ್ಲೇ ಕಕ್ಷೆ ಹಿಡಿಯಿರಿ. ಅದರ ನೆಲ ಸಮಭಾಜಕದ ಹತ್ತಿರ 9 ಮೀ/ಸೆ ವೇಗದಲ್ಲಿ ಸರಿಯುತ್ತದೆ, ಅಷ್ಟು ಪುಕ್ಕಟೆ. ಉಲ್ಟಾ ದಿಕ್ಕಿನಲ್ಲಿ ಬಂದರೆ 9 ಕಳೆದುಕೊಳ್ಳುತ್ತೀರಿ, ಒಟ್ಟು 18ರ ವ್ಯತ್ಯಾಸ.

ನೌಕೆ ಕಟ್ಟುವ ಬಗ್ಗೆ ಒಂದೇ ಮಾತು, ಯಾಕೆಂದರೆ ಇಲ್ಲೂ ಆಟ ನನ್ನ ಕಣ್ಣು ತೆರೆಸಿತು. ಎಂಜಿನ್ ಆರಿಸುವಾಗ ಎಲ್ಲರೂ ಮೊದಲು ಐಎಸ್‌ಪಿ ನೋಡುತ್ತಾರೆ, ಅಂದರೆ ಅದೇ ಇಂಧನದಿಂದ ಎಷ್ಟು ಕೆಲಸ ತೆಗೆಯುತ್ತದೆ ಎಂಬ ಅಂಕ. ಟೆರಿಯರ್‌ಗೆ 345, ಪುಟ್ಟ ಸ್ಪಾರ್ಕ್‌ಗೆ 320. ಟೆರಿಯರ್ ಗೆದ್ದಿತು ಅನ್ನಿಸುತ್ತದೆ ಅಲ್ವಾ? ಆದರೆ ಟೆರಿಯರ್ ತೂಕ ಅರ್ಧ ಟನ್, ಸ್ಪಾರ್ಕ್ ತೂಕ 0.13 ಟನ್. ಒಬ್ಬರೇ ಕೂರುವ ಕ್ಯಾಪ್ಸೂಲ್, ಎರಡು ಟನ್ ಇಂಧನ ಹಿಡಿಯುವ ಎಫ್‌ಎಲ್-ಟಿ400 ಟ್ಯಾಂಕ್, ನೆಲದ ಮೇಲೆ ನಿಲ್ಲುವ ಕಾಲುಗಳು, ಕರ್ಬಿನ್‌ಗೆ ವಾಪಸಾದಾಗ ಬೇಕಾಗುವ ಪ್ಯಾರಾಚೂಟ್ ಸೇರಿ ನಾಲ್ಕು ಟನ್ ನೌಕೆ ಎಂದುಕೊಳ್ಳಿ. ಟೆರಿಯರ್‌ನಲ್ಲಿ ಸುಮಾರು 2,345 ಮೀ/ಸೆ ಸಿಗುತ್ತದೆ. ಅದನ್ನು ತೆಗೆದು ಸ್ಪಾರ್ಕ್ ಹಾಕಿದರೆ ಸುಮಾರು 2,510. ದಕ್ಷತೆ ಕಡಿಮೆ ಇರುವ ಎಂಜಿನ್ನಿನಿಂದ ಹೆಚ್ಚು ದೂರ! ಬಲ ಕಡಿಮೆಯಾದ್ದರಿಂದ ಬ್ರೇಕ್ ಹಾಕಲು ಒಂದೂವರೆ ನಿಮಿಷದ ಹತ್ತಿರ ಬೇಕಾಗುತ್ತದೆ, ಅಲ್ಲಿ ಸ್ವಲ್ಪ ಬಾಡಿಗೆ ಕಟ್ಟುತ್ತೀರಿ, ಆದರೂ ಲಾಭವೇ. ಕಲಿಯುವವರಿಗೆ ನಾನು ಟೆರಿಯರ್ ಹೇಳುತ್ತೇನೆ, ತಪ್ಪು ತಿದ್ದಿಕೊಳ್ಳಲು ಬಲ ಇರುತ್ತದೆ. ಕಲಿತ ಮೇಲೆ ಸ್ಪಾರ್ಕ್.

ಮೂರು ಜನರನ್ನು ಕರೆದೊಯ್ಯುವ ದೊಡ್ಡ ನೌಕೆಯಾದರೆ ವಾಪಸಾತಿಯ ಇಂಧನವನ್ನೂ ಶಾಖ ಕವಚವನ್ನೂ ಕಕ್ಷೆಯಲ್ಲೇ ಬಿಟ್ಟು ಸಣ್ಣ ನೌಕೆಯೊಂದೇ ಇಳಿಯುವುದು ಒಳ್ಳೆಯದು. ಅಪೊಲೊಗೆ ಈ ದಾರಿಯೇ ಸರಿ ಎಂದು ನಾಸಾದ ಜಾನ್ ಹೂಬೋಲ್ಟ್ ಪಟ್ಟು ಹಿಡಿದು ವಾದಿಸಿದ್ದರು, 1962ರಲ್ಲಿ ನಾಸಾ ಅದನ್ನೇ ಒಪ್ಪಿಕೊಂಡಿತು. ಆಟದಲ್ಲಿ ಎರಡೂ ರೀತಿ ಕಟ್ಟಿ ತೂಗಿ ನೋಡಿದಾಗ ಅವರ ಹಠ ಯಾಕಿತ್ತು ಎಂದು ಗೊತ್ತಾಗುತ್ತದೆ.

ಈಗ ಆಟದ ಕೊರತೆಗಳು. ಇಳಿಯುವಾಗ ಅತ್ಯಂತ ಬೇಕಾದ ಮಾಹಿತಿ, ಅಂದರೆ ಇನ್ನೆಷ್ಟು ಸೆಕೆಂಡಿನಲ್ಲಿ ನೆಲಕ್ಕೆ ತಾಗುತ್ತೇವೆ ಮತ್ತು ಯಾವಾಗ ಬ್ರೇಕ್ ಶುರು ಮಾಡಬೇಕು ಎಂಬುದನ್ನು ಆಟ ತಾನಾಗಿ ತೋರಿಸುವುದಿಲ್ಲ. ಎತ್ತರದ ಅಂಕಿ ಕೂಡ ಮೊದಲಿಗೆ ನಿಮ್ಮ ಕೆಳಗಿನ ನೆಲದಿಂದ ಅಳೆದದ್ದಲ್ಲ. ಅದರ ಪಕ್ಕದ ಗುಂಡಿ ಒತ್ತಿ ನೆಲದಿಂದಿರುವ ಎತ್ತರಕ್ಕೆ ಬದಲಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಮೂರು ಕಿಲೋಮೀಟರ್ ಇದೆ ಎಂದುಕೊಂಡು ಬೆಟ್ಟಕ್ಕೆ ಬಡಿಯುವವರು ಬಹಳ ಜನ. ಕರ್ಬಲ್ ಎಂಜಿನಿಯರ್ ಎಂಬ ಮಾಡ್ (ಆಟಗಾರರೇ ಮಾಡಿದ ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡರೆ ಸೂಸೈಡ್ ಬರ್ನ್ ಲೆಕ್ಕವನ್ನು ಅದು ಮಾಡಿಕೊಡುತ್ತದೆ. ಮೆಕ್‌ಜೆಬ್ ಎಂಬ ಇನ್ನೊಂದು ಮಾಡ್ ನೌಕೆಯನ್ನು ತಾನೇ ಇಳಿಸುತ್ತದೆ. ನನ್ನ ಸಲಹೆ ಕೇಳಿದರೆ ಮೊದಲನೆಯದು ಹಾಕಿ, ಎರಡನೆಯದನ್ನು ಕಲಿತು ಮುಗಿಯುವವರೆಗೆ ದೂರ ಇಡಿ. ಅದು ಇಳಿಸಿದ ನೌಕೆಯಲ್ಲಿ ಉಳಿದ ಇಂಧನ ನಿಮ್ಮದು ಅನ್ನಿಸುವುದಿಲ್ಲ.

ಇನ್ನೊಂದು, ಇದು ನಿಜವಾದ ಬಾಹ್ಯಾಕಾಶದ ಪೂರ್ತಿ ನಕಲಲ್ಲ. ಒಂದು ಸಮಯಕ್ಕೆ ಒಂದೇ ಕಾಯದ ಗುರುತ್ವವನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಂಜಿನ್ನನ್ನು ಎಷ್ಟು ಸಲ ಬೇಕಾದರೂ ಹಚ್ಚಬಹುದು, ಸೊನ್ನೆಯಿಂದ ನೂರರವರೆಗೆ ಹೇಗೆ ಬೇಕಾದರೂ ಏರಿಳಿಸಬಹುದು. ನಿಜದ ಎಂಜಿನ್ನುಗಳು ಇಷ್ಟು ಹೇಳಿದಂತೆ ಕೇಳುವುದಿಲ್ಲ. ನಿಜವಾದ ಚಂದ್ರನ ಗುರುತ್ವ ಮುನ್‌ನಷ್ಟೇ ಇದ್ದರೂ ಅದು ಬಹಳ ದೊಡ್ಡದು, ಹಾಗಾಗಿ ಕಕ್ಷೆಯ ವೇಗವೂ ಮೂರು ಪಟ್ಟು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಲು ಶುರು ಮಾಡಿದ್ದು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿ. ಆ ನೇರ ಪ್ರಸಾರ ನೋಡುವಾಗ ಅಡ್ಡ ವೇಗದ ಅಂಕಿ ಮೊದಲು ಇಳಿಯುತ್ತಾ ಹೋಗಿ, ಕೊನೆಯಲ್ಲಿ ಮಾತ್ರ ನೌಕೆ ನೆಟ್ಟಗೆ ನಿಂತದ್ದು ಯಾಕೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ನೆಲದ ಮೇಲೆ ಜಾಗ ಪರೀಕ್ಷಿಸಲು ಕೆಲ ಸೆಕೆಂಡ್ ತೂಗಾಡಿದಾಗ ಅದರ ಬಾಡಿಗೆ ಎಷ್ಟೆಂದೂ ಗೊತ್ತಿತ್ತು. ಇಳಿದ ಕೆಲವು ದಿನಗಳ ಮೇಲೆ ವಿಕ್ರಮ್ ಮತ್ತೆ ಎಂಜಿನ್ ಹಚ್ಚಿ ಸುಮಾರು 40 ಸೆಂಟಿಮೀಟರ್ ಎದ್ದು ಪಕ್ಕದಲ್ಲಿ ಕೂತಿತಲ್ಲ, ಆ ಸುದ್ದಿ ಓದಿ ನನ್ನ ಕಣ್ಣು ತುಂಬಿತು. ಟ್ಯಾಂಕ್‌ನಲ್ಲಿ ಇಂಧನ ಉಳಿಸಿ ಇಳಿದವರಿಗೆ ಮಾತ್ರ ಅದು ಸಾಧ್ಯ.

ಇವತ್ತೇ ಶುರು ಮಾಡುವವರಿಗೆ ಒಂದು ಮಾತು. ಮೊದಲು ಮಿನ್ಮಸ್‌ಗೆ ಹೋಗಿ. ಅದು ಕರ್ಬಿನ್‌ನ ಎರಡನೇ ಚಂದ್ರ, 47,000 ಕಿಲೋಮೀಟರ್ ದೂರ, ಕಕ್ಷೆ 6 ಡಿಗ್ರಿ ಓರೆ. ದೂರ ಎಂದು ಹೆದರಬೇಡಿ. ಅದರ ಗುರುತ್ವ 0.49 ಮಾತ್ರ, ಇಳಿಯಲು 180 ಸಾಕು. ಕರ್ಬಿನ್ ಕಕ್ಷೆಯಿಂದ ನೆಲದವರೆಗೆ ಒಟ್ಟು ಖರ್ಚು ಮುನ್‌ಗಿಂತ ಕಡಿಮೆಯೇ. ದೊಡ್ಡ ದೊಡ್ಡ ಸಮತಟ್ಟು ಬಯಲುಗಳಿವೆ, ಅಲ್ಲಿ ನೆಲದ ಎತ್ತರ ಸೊನ್ನೆ, ಹಾಗಾಗಿ ಎತ್ತರದ ಅಂಕಿ ಸುಳ್ಳು ಹೇಳುವುದಿಲ್ಲ. ಅಲ್ಲಿ ಕೈ ಪಳಗಿದ ಮೇಲೆ ಮುನ್. ಬಿಸಿಲಿರುವ ಬದಿಯಲ್ಲೇ ಇಳಿಯಿರಿ, ನೌಕೆಯ ನೆರಳು ನಿಮ್ಮತ್ತ ಓಡಿ ಬರುವುದನ್ನು ನೋಡಿ ಎತ್ತರ ಅಂದಾಜು ಮಾಡಬಹುದು. ದಿಕ್ಕು, ವೇಗ ತೋರಿಸುವ ಗೋಳವಾದ ನ್ಯಾವ್‌ಬಾಲ್, ನೆಲಕ್ಕೆ ಹೋಲಿಸಿ ವೇಗ ಅಳೆಯುವ ಸರ್ಫೇಸ್ ಮೋಡ್‌ನಲ್ಲಿದೆಯೇ ಎಂದು ಎರಡು ಸಲ ನೋಡಿ, ಕಕ್ಷೆಯ ಮೋಡ್‌ನಲ್ಲಿ ಬ್ರೇಕ್ ಹಾಕಿದರೆ ಆ 9 ಮೀ/ಸೆ ಅಡ್ಡ ವೇಗ ಉಳಿದು ನೌಕೆ ಮಗುಚುತ್ತದೆ. ಕೊನೆಯ ಮೂರು ಮೀ/ಸೆ ಉಳಿದಾಗ ನೌಕೆಯನ್ನು ರೆಟ್ರೋಗ್ರೇಡ್ ದಿಕ್ಕಿನಲ್ಲೇ ಹಿಡಿದಿಡುವ ವ್ಯವಸ್ಥೆಯನ್ನು ಬಿಡಿಸಿ, ಇಲ್ಲದಿದ್ದರೆ ವೇಗ ಸೊನ್ನೆ ದಾಟಿದ ಕೂಡಲೇ ಗುರುತು ತಿರುಗಿ ನೌಕೆಯೂ ಅದರ ಹಿಂದೆಯೇ ತಿರುಗುತ್ತದೆ. ಬ್ರೇಕ್ ಶುರು ಮಾಡುವ ಮುಂಚೆ ಎಫ್‌5 ಒತ್ತಿ ಉಳಿಸಿಕೊಳ್ಳಿ. ಅದೇ ಇಳಿಯುವಿಕೆಯನ್ನು ಹತ್ತು ಸಲ ಮಾಡಲು ಬಿಡುವ ಈ ಸೌಲಭ್ಯವೇ ಆಟದ ನಿಜವಾದ ಪಾಠಶಾಲೆ.

ನಿನ್ನೆ ರಾತ್ರಿ ಟೆರಿಯರ್ ನೌಕೆಯಲ್ಲಿ, 10 ಕಿಲೋಮೀಟರ್ ಕಕ್ಷೆಯಿಂದ, ನನ್ನ ಅಂಕ 624. ಲೆಕ್ಕದ 585ಕ್ಕಿಂತ 39 ಜಾಸ್ತಿ. ಅದರಲ್ಲಿ 26 ಎಲ್ಲಿ ಹೋಯಿತೆಂದು ನನಗೆ ಸರಿಯಾಗಿ ಗೊತ್ತು. ಕೊನೆಯ ಮುನ್ನೂರು ಮೀಟರಿನಲ್ಲಿ ಕೆಳಗೆ ಇಳಿಜಾರು ಕಂಡಿತು, ಪಕ್ಕದ ಸಮತಟ್ಟಿಗೆ ಸರಿಯಲು ಹದಿನಾರು ಸೆಕೆಂಡ್ ತೂಗಾಡಿದೆ. ಇವತ್ತು ಅದೇ ಕುಳಿಯ ಹತ್ತಿರ ಮತ್ತೆ ಹೋಗುತ್ತಿದ್ದೇನೆ, ಬ್ರೇಕನ್ನು ಅರ್ಧ ಕಿಲೋಮೀಟರ್ ಮುಂಚೆ ಹಾಕಲು.